ಎತ್ತರದ ಗೋಡೆ, ಬರಿದಾದ ಕಣಜ: ಷಿಯಾನ್ ಕೋಟೆಯ ಮೇಲೊಂದು ಸುತ್ತು

ಕನ್ನಡ ನಾಡಿನಲ್ಲಿ ಇತಿಹಾಸ ಪಾಠ ಕೇಳಿದವರಿಗೆಲ್ಲ ಹ್ಯೂಯೆನ್ ತ್ಸಾಂಗನ ಹೆಸರು ಗೊತ್ತು. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಸುಮಾರು ಕ್ರಿ.ಶ. 641ರಲ್ಲಿ ಬಂದ ಚೀನೀ ಯಾತ್ರಿಕ, 'ಸಿ-ಯು-ಕಿ' ಎಂಬ ಗ್ರಂಥದ ಕರ್ತೃ ಎಂದು ನಾವು ಮಕ್ಕಳಿಗೆ ಬರೆಸುತ್ತಿದ್ದೆವು. ಇಲ್ಲಿಯ ಜನ ಉಪಕಾರವನ್ನು ಮರೆಯರು, ಅಪಮಾನವನ್ನು ಸಹಿಸರು. ಸೋತು ಬಂದ ಸೇನಾಪತಿಗೆ ಹೆಂಗಸರ ಉಡುಪನ್ನು ಕೊಡುತ್ತಾರೆ. ಉತ್ತರಾಪಥದ ಹರ್ಷನಿಗೂ ಈ ರಾಜ ಮಣಿಯಲಿಲ್ಲ ಎಂದು ಅವನು ಬರೆದಿಟ್ಟುದನ್ನು ಹೇಳುವಾಗ ತರಗತಿಯಲ್ಲಿ ಒಂದು ಬಗೆಯ ಉತ್ಸಾಹ ಮೂಡುತ್ತಿತ್ತು. ಆದರೆ ಆತ ಯಾವ ಊರಿಂದ ಹೊರಟ, ಯಾವ ಊರಿಗೆ ಮರಳಿದ ಎಂಬುದು ಪಠ್ಯಪುಸ್ತಕದ ಅಂಚಿನಲ್ಲೇ ಉಳಿಯುತ್ತಿತ್ತು. ಆ ಊರು ಚಾಂಗ್‌ಆನ್. ಇಂದಿನ ಹೆಸರು ಷಿಯಾನ್. ನಮ್ಮ ಪತ್ರಿಕೆಗಳು ಕ್ಸಿಯಾನ್ ಎಂದೂ ಬರೆಯುತ್ತವೆ. 2018ರ ಅಕ್ಟೋಬರ್‌ನಲ್ಲಿ ನನಗೆ ಆ ನಗರವನ್ನು ನಾಲ್ಕು ದಿನ ನೋಡುವ ಅವಕಾಶ ದೊರೆಯಿತು.

ನಕಾಶೆ ಬಿಡಿಸಿದೊಡನೆ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಹ್ಯೂಯೆನ್ ತ್ಸಾಂಗನು 645ರಲ್ಲಿ ಭಾರತದಿಂದ 657 ಗ್ರಂಥಗಳೊಡನೆ ಮರಳಿ, ಅವುಗಳನ್ನು ಸುರಕ್ಷಿತವಾಗಿಡಲು 652ರಲ್ಲಿ ಕಟ್ಟಿಸಿದ ಗೋಪುರ ಇಂದಿಗೂ ಇದೆ. ಅದಕ್ಕೆ 'ದೊಡ್ಡ ಕಾಡುಬಾತಿನ ಗೋಪುರ' ಎಂದು ಹೆಸರು. ಏಳು ಅಂತಸ್ತು, 64 ಮೀಟರುಗಳಿಗೂ ಮಿಕ್ಕ ಎತ್ತರ. ಅವನ ಕಾಲದಲ್ಲಿ ಅದು ನಗರದ ಗೋಡೆಯ ಒಳಗಿತ್ತು. ಇಂದು ಕೋಟೆಯ ದಕ್ಷಿಣ ಬಾಗಿಲಿನಿಂದ ಹೊರಟು ಮೂರು ನಾಲ್ಕು ಕಿಲೋಮೀಟರು ಸಾಗಿದ ಮೇಲೆ ಸಿಗುತ್ತದೆ. ಗೋಪುರ ನಡೆಯಲಿಲ್ಲ, ಗೋಡೆಯೇ ಹಿಂದೆ ಸರಿದಿದೆ.

ಹೇಗೆ ಸರಿಯಿತು? 582ರಲ್ಲಿ ಸುಯಿ ವಂಶದ ಚಕ್ರವರ್ತಿ ಈ ನಗರವನ್ನು ಹೊಸದಾಗಿ ಕಟ್ಟಿಸಿದ. ಯೋಜನೆ ರೂಪಿಸಿದವನು ಯುವೆನ್ ಕಾಯ್. ಟಾಂಗ್ ವಂಶದವರು ಅದನ್ನೇ ರಾಜಧಾನಿಯಾಗಿ ಬೆಳೆಸಿದರು. ಸುತ್ತಳತೆ ಸುಮಾರು 36 ಕಿಲೋಮೀಟರು, ವಿಸ್ತಾರ 80 ಚದರ ಕಿಲೋಮೀಟರಿಗೂ ಹೆಚ್ಚು. ಒಳಗೆ ಚದುರಂಗದ ಮಣೆಯಂತೆ ನೂರಕ್ಕೂ ಮಿಕ್ಕಿದ ಕೇರಿಗಳು. ಪ್ರತಿ ಕೇರಿಗೂ ಅದರದೇ ಗೋಡೆ, ಅದರದೇ ಬಾಗಿಲು. ಸಂಜೆ ನಗಾರಿ ಬಾರಿಸಿದೊಡನೆ ಬಾಗಿಲುಗಳು ಮುಚ್ಚುತ್ತಿದ್ದವು. ಹಗಲಿನಲ್ಲಾದರೋ ಪಶ್ಚಿಮ ಪೇಟೆಯಲ್ಲಿ ಪರ್ಷಿಯದವರು, ಸೊಗ್ಡಿಯದವರು ವ್ಯಾಪಾರ ನಡೆಸುತ್ತಿದ್ದರು. ಕ್ರೈಸ್ತ ಧರ್ಮವೂ 635ರಲ್ಲಿ ಇಲ್ಲಿಗೆ ಬಂದಿತೆಂದು ಸಾರುವ, 781ರಲ್ಲಿ ನೆಟ್ಟ ಶಾಸನವೊಂದಿದೆ. ದಕ್ಷಿಣ ಗೋಡೆಯ ಮಗ್ಗುಲಲ್ಲಿರುವ 'ಶಿಲಾಶಾಸನಗಳ ಅರಣ್ಯ' ಎಂಬ ಸಂಗ್ರಹಾಲಯದಲ್ಲಿ ಅದನ್ನು ಕಂಡೆ. ಚೀನೀ ಲಿಪಿಯ ಜೊತೆಗೆ ಸಿರಿಯಾಕ್ ಅಕ್ಷರಗಳೂ ಅದರ ಮೇಲಿವೆ. ಅಲ್ಲಿಯೇ 837ರಲ್ಲಿ ಪೂರ್ಣಗೊಂಡ 114 ಕಲ್ಲುಗಳ ಸಾಲೂ ಇದೆ. ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ತಪ್ಪಿಲ್ಲದ ಪಾಠವಾಗಿ ವಿದ್ಯಾರ್ಥಿಗಳು ನೋಡಿಕೊಳ್ಳಲೆಂದು ಅವುಗಳ ಮೇಲೆ ಕೆತ್ತಿಸಲಾಯಿತು. ಕಲ್ಲಿನ ಪಠ್ಯಪುಸ್ತಕದ ಮುಂದೆ ನಿಂತ ಮೇಷ್ಟರಿಗೆ ಏನನ್ನಿಸಿರಬಹುದೆಂದು ಓದುಗರೇ ಊಹಿಸಿಕೊಳ್ಳಲಿ.

ಇಂಥ ನಗರವನ್ನು 904ರಲ್ಲಿ ಝೂ ವೆನ್ ಎಂಬ ಸೇನಾನಿ ಕಿತ್ತುಹಾಕಿದ. ಚಕ್ರವರ್ತಿಯನ್ನು ಬಲವಂತವಾಗಿ ಲುವೊಯಾಂಗಿಗೆ ಸಾಗಿಸಿ, ಅರಮನೆಗಳನ್ನೂ ಮನೆಗಳನ್ನೂ ಬಿಚ್ಚಿಸಿ, ತೊಲೆ ಕಂಬಗಳನ್ನು ವೇಯ್ ನದಿಯಲ್ಲಿ ತೇಲಿಬಿಟ್ಟ. ಅಳಿದುಳಿದ ಜನ ಹಳೆಯ ನಗರದ ನಡುವೆ ಸರ್ಕಾರಿ ಕಚೇರಿಗಳಿದ್ದ ಭಾಗವನ್ನಷ್ಟೇ ಸರಿಪಡಿಸಿಕೊಂಡು ಅದರೊಳಗೆ ಸೇರಿಕೊಂಡರು. ಗೋಪುರ ಹೊಲಗಳ ನಡುವೆ ಒಂಟಿಯಾಯಿತು.

ಈಗ ನಾವು ನೋಡುವ ಕೋಟೆ ಮಿಂಗ್ ವಂಶದ ಕಾಲದ್ದು. 1370ರ ದಶಕದಲ್ಲಿ ಆ ಚಿಕ್ಕ ನಗರವನ್ನು ಪೂರ್ವಕ್ಕೂ ಉತ್ತರಕ್ಕೂ ವಿಸ್ತರಿಸಿ ಕಟ್ಟಿದರು. ಸುತ್ತಳತೆ 13.7 ಕಿಲೋಮೀಟರು, ಎತ್ತರ 12 ಮೀಟರು. ಬುಡದಲ್ಲಿ 15ರಿಂದ 18 ಮೀಟರು, ನೆತ್ತಿಯಲ್ಲಿ 12ರಿಂದ 14 ಮೀಟರು ಅಗಲ. ಅಂದರೆ ಗೋಡೆ ತನ್ನ ಎತ್ತರಕ್ಕಿಂತ ಹೆಚ್ಚು ದಪ್ಪ. ಒಳಗಿರುವುದು ಪದರ ಪದರವಾಗಿ ಕುಟ್ಟಿ ಗಟ್ಟಿಮಾಡಿದ ಮಣ್ಣು. ತಳದ ಪದರಕ್ಕೆ ಸುಣ್ಣದೊಡನೆ ಅಂಟಕ್ಕಿಯ ಗಂಜಿ ಬೆರೆಸಿದ್ದಾರೆನ್ನುತ್ತಾರೆ. ಇಟ್ಟಿಗೆಯ ಹೊದಿಕೆ ಬಂದದ್ದು 1568ರಲ್ಲಿ. ಸುಮಾರು 120 ಮೀಟರಿಗೊಂದರಂತೆ 98 ಕೊತ್ತಳಗಳು ಹೊರಕ್ಕೆ ಚಾಚಿಕೊಂಡಿವೆ. ಎರಡು ಕೊತ್ತಳಗಳ ನಡುವೆ ಗೋಡೆಗೆ ಏಣಿ ಹಾಕಿದವನ ಮೇಲೆ ಎರಡೂ ಕಡೆಯಿಂದ ಬಾಣ ಬೀಳಲಿ ಎಂಬ ಲೆಕ್ಕಾಚಾರವದು. ಬಾಗಿಲಿನ ಬಳಿ ಬಾಡಿಗೆಗೆ ಸೈಕಲ್ ಕೊಡುತ್ತಾರೆ. ಕಲ್ಲುಹಾಸಿನ ಕುಲುಕಾಟಕ್ಕೆ ಸೊಂಟ ನೊಂದರೂ ನಾನು ಒಂದು ಸುತ್ತನ್ನು ಎರಡೂವರೆ ಗಂಟೆಯಲ್ಲಿ ಮುಗಿಸಿದೆ.

ಮಿಂಗ್ ವಂಶದ ಸ್ಥಾಪಕ ಝೂ ಯುವಾನ್‌ಜಾಂಗ್ ಬಡರೈತನ ಮಗ. ಅವನು ಇನ್ನೂ ದಂಗೆಕೋರನಾಗಿದ್ದಾಗ ಪಂಡಿತನೊಬ್ಬ ಮೂರು ಬುದ್ಧಿಮಾತು ಹೇಳಿದನಂತೆ. ಗೋಡೆಯನ್ನು ಎತ್ತರಿಸು, ದವಸವನ್ನು ಕೂಡಿಡು, ರಾಜನೆನಿಸಿಕೊಳ್ಳಲು ಅವಸರಪಡಬೇಡ ಎಂಬುದು ಅದರ ಸಾರ. ಚೀನಾದಲ್ಲಿ ಇದು ಗಾದೆಯಷ್ಟೇ ಪ್ರಸಿದ್ಧ. ಮೊದಲನೆಯ ಮಾತಿಗೆ ಷಿಯಾನಿನ ಕೋಟೆ ಸಾಕ್ಷಿಯಾಗಿ ನಿಂತಿದೆ. ಎರಡನೆಯ ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಕೋಟೆ ಸಾಕ್ಷಿ.

ಅದು 1926ನೆಯ ಇಸವಿ. ಸೇನಾನಾಯಕರು ಪರಸ್ಪರ ಕಾದಾಡುತ್ತಿದ್ದ ಕಾಲ. ಏಪ್ರಿಲಿನಲ್ಲಿ ಲಿಯೂ ಝೆನ್‌ಹುವಾ ಎಂಬವನ ಸೈನ್ಯ ಊರನ್ನು ಮುತ್ತಿತು. ಒಳಗೆ ಯಾಂಗ್ ಹುಚೆಂಗ್ ಮತ್ತು ಲಿ ಹುಚೆನ್ ಎಂಬ ಇಬ್ಬರ ಚಿಕ್ಕ ಪಡೆ. ಇಬ್ಬರ ಹೆಸರಿನಲ್ಲೂ 'ಹು', ಎಂದರೆ ಹುಲಿ, ಇರುವುದರಿಂದ 'ಎರಡು ಹುಲಿಗಳು ಚಾಂಗ್‌ಆನ್ ಕಾದವು' ಎಂದು ಜನ ಇಂದಿಗೂ ಹೇಳುತ್ತಾರೆ. ಐದೂವರೆ ಶತಮಾನ ಹಿಂದಿನ ಮಣ್ಣಿನ ಗೋಡೆ ಇಪ್ಪತ್ತನೆಯ ಶತಮಾನದ ಸೈನ್ಯವನ್ನು ಎಂಟು ತಿಂಗಳು ತಡೆಯಿತು. ನವೆಂಬರ್ ಕೊನೆಗೆ ಫೆಂಗ್ ಯೂಷಿಯಾಂಗನ ಸೈನ್ಯ ಬಂದು ಮುತ್ತಿಗೆಯನ್ನು ಮುರಿಯಿತು. ಕೋಟೆ ಬೀಳಲಿಲ್ಲ.

ಆದರೆ ಒಳಗೆ ಕಣಜಗಳು ಬರಿದಾಗಿದ್ದವು. ಜನ ಎಣ್ಣೆಯ ಹಿಂಡಿಯನ್ನೂ ಮರದ ತೊಗಟೆಯನ್ನೂ ತಿಂದರು. ಹಸಿವು, ರೋಗ, ಚಳಿಗಳಿಂದ ಸತ್ತವರು ಸುಮಾರು ಐವತ್ತು ಸಾವಿರ ಎಂದು ಹೇಳುತ್ತಾರೆ. ಹೊರಗಿನವನನ್ನು ತಡೆದ ಗೋಡೆಯೇ ಒಳಗಿನವನನ್ನೂ ಹಿಡಿದಿಟ್ಟಿತು. ಸತ್ತವರನ್ನು ಎರಡು ದೊಡ್ಡ ಮಣ್ಣಿನ ದಿಬ್ಬಗಳ ಅಡಿಯಲ್ಲಿ ಒಟ್ಟಾಗಿ ಹೂಳಿ, 1927ರಲ್ಲಿ ಅಲ್ಲಿ ಒಂದು ಉದ್ಯಾನ ಮಾಡಿದರು. ಕೋಟೆಯೊಳಗೇ ಇರುವ ಆ 'ಕ್ರಾಂತಿ ಉದ್ಯಾನ'ಕ್ಕೆ ನಾನು ಹೋದಾಗ ಪ್ರವಾಸಿಗರು ಕಾಣಲಿಲ್ಲ. ಮಕ್ಕಳಿಗೆ ವಧುವರರನ್ನು ಹುಡುಕುವ ತಂದೆತಾಯಿಯರು ವಯಸ್ಸು, ಓದು, ಉದ್ಯೋಗಗಳನ್ನು ಕಾಗದದಲ್ಲಿ ಬರೆದು ತೂಗುಹಾಕಿ ಪರಸ್ಪರ ವಿಚಾರಿಸುತ್ತಿದ್ದರು. ನಮ್ಮೂರ ಮದುವೆ ಮಾತುಕತೆಯ ಜಗಲಿಯಂತೆಯೇ ಇತ್ತು. ದಿಬ್ಬಗಳ ನೆರಳಿನಲ್ಲಿ ಸಂಸಾರದ ಮಾತು ನಡೆಯುವುದು ಅನುಚಿತವೆಂದು ನನಗೆ ತೋರಲಿಲ್ಲ.

ಗೋಡೆಗೆ ಮುಂದಿನ ಗಂಡಾಂತರ ಒಳಗಿನಿಂದಲೇ ಬಂತು. 1950ರ ದಶಕದಲ್ಲಿ, ಸಂಚಾರಕ್ಕೆ ಅಡ್ಡಿ, ಹಳೆಯ ವ್ಯವಸ್ಥೆಯ ಪಳೆಯುಳಿಕೆ ಎಂದು ಚೀನಾದ ಅನೇಕ ನಗರಗಳು ತಮ್ಮ ಕೋಟೆಗಳನ್ನು ಕೆಡವಿದವು. ಬೀಜಿಂಗಿನಲ್ಲಿ ವಾಸ್ತುತಜ್ಞ ಲಿಯಾಂಗ್ ಸಿಚೆಂಗ್, ಗೋಡೆಯ ನೆತ್ತಿಯನ್ನು ಜನರು ವಿಹರಿಸುವ ಉದ್ಯಾನ ಮಾಡೋಣವೆಂದು ಬೇಡಿಕೊಂಡರೂ ಯಾರೂ ಕೇಳಲಿಲ್ಲ. ಅಲ್ಲಿ ಇಂದು ಕೆಲವು ತುಣುಕುಗಳಷ್ಟೇ ಉಳಿದಿವೆ. ಷಿಯಾನಿನಲ್ಲೂ 1958ರಲ್ಲಿ ಕೆಡಹುವ ಮಾತು ಎದ್ದಿತು. ಕೆಲವರು ಮೇಲಿನವರಿಗೆ ದೂರು ಬರೆದರು; 1959ರಲ್ಲಿ ತಡೆ ಬಿದ್ದಿತು; 1961ರಲ್ಲಿ ಅದು ರಾಷ್ಟ್ರೀಯ ಸಂರಕ್ಷಿತ ಸ್ಮಾರಕವಾಯಿತು. 1983ರಿಂದ ದೊಡ್ಡ ಪ್ರಮಾಣದ ದುರಸ್ತಿ ನಡೆದು, ಕಂದಕದ ಗುಂಟ ಗಿಡಮರಗಳು ಬಂದವು. ಬೀಜಿಂಗಿನ ಕನಸು ಷಿಯಾನಿನಲ್ಲಿ ನನಸಾಯಿತು.

ಕೆಡವಬೇಕೆಂದವರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಐವತ್ತು ಸಾವಿರ ಜನ ಹಸಿದು ಸತ್ತುದನ್ನು ಕಣ್ಣಾರೆ ಕಂಡ ಊರಿಗೆ ಗೋಡೆಯ ಮೇಲೆ ಪ್ರೀತಿ ಇರಲೇಬೇಕೆಂದು ಹೇಳಲು ನಾವು ಯಾರು? ಆದರೂ ಅದು ಉಳಿದದ್ದೇ ಒಳ್ಳೆಯದಾಯಿತೆಂದು ನನ್ನ ಭಾವನೆ. ಗೋಡೆ ಇರುವುದರಿಂದಲೇ 904ರಲ್ಲಿ ಊರು ಎಷ್ಟು ಕುಗ್ಗಿತೆಂಬುದು ಅಳತೆಗೆ ಸಿಗುತ್ತದೆ. 1926ರ ಹಸಿವನ್ನು ಮೊಮ್ಮಕ್ಕಳಿಗೆ ಬೆರಳಿಟ್ಟು ತೋರಿಸಲು ಬರುತ್ತದೆ. ಕೋಟೆಯ ಮುಂದೆ ಮಕ್ಕಳನ್ನು ನಿಲ್ಲಿಸುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಕಟ್ಟಿಸಿದ ದೊರೆಯ ಹೆಸರು, ಗೆದ್ದ ಇಸವಿ ಹೇಳಿದ ಮೇಲೆ, ಮುತ್ತಿಗೆಯ ದಿನಗಳಲ್ಲಿ ಒಳಗಿದ್ದವರು ಏನು ತಿಂದರು ಎಂಬ ಪ್ರಶ್ನೆಯನ್ನೂ ಕೇಳಿರಿ. ಉತ್ತರ ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಿ.