ದೋರಸಮುದ್ರದ ಕಂಬವೂ ಬ್ರೈಟನ್ನಿನ ಛತ್ರಿಯೂ

ಹಳೇಬೀಡಿಗೆ ಬರುವ ಯಾತ್ರಿಕರು ಹೊಯ್ಸಳೇಶ್ವರನ ಗುಡಿಯ ಭಿತ್ತಿಯನ್ನು ಆದಿಯಿಂದ ಅಂತ್ಯದವರೆಗೆ ಸುತ್ತಿ, ಆನೆಯ ಸಾಲನ್ನೂ ಪುರಾಣಕಥೆಯ ಪಟ್ಟಿಕೆಗಳನ್ನೂ ಕಣ್ತುಂಬ ನೋಡುವರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಂದಿನಿಂದ ಇಂತಹ ಯಾತ್ರಿಕರ ಸಂಖ್ಯೆ ಇನ್ನೂ ಬೆಳೆದಿದೆ. ಆದರೆ ಗುಡಿಯ ದಕ್ಷಿಣ ಪಾರ್ಶ್ವದಲ್ಲಿ ನಿಂತಿರುವ ಒಂದು ಕಂಬದ ಬಳಿಗೆ ಹೋಗಿ ಅದರ ನಡುವಿನ ಚಿತ್ರಗಳನ್ನು ದಿಟ್ಟಿಸಿ ನೋಡುವವರು ವಿರಳ. ನೋಡಿದವರಿಗೆ ಮೈ ನಡುಗುವುದು. ಕತ್ತಿ ಹಿಡಿದ ವೀರರು ಅಲ್ಲಿ ಶತ್ರುವನ್ನು ಕಡಿಯುತ್ತಿಲ್ಲ. ತಮ್ಮ ಕೈಗಳನ್ನು, ಕಾಲುಗಳನ್ನು, ಕಡೆಗೆ ತಮ್ಮ ತಲೆಗಳನ್ನೇ ಕಡಿದುಕೊಳ್ಳುತ್ತಿದ್ದಾರೆ.

ಇದು ಕುವರ ಲಕ್ಷ್ಮ ದಂಡನಾಯಕನ ಕಂಬ. ಇಮ್ಮಡಿ ವೀರಬಲ್ಲಾಳನು ಅವನನ್ನು ಮಗನಂತೆ ಸಾಕಿ ದೊಡ್ಡ ಪದವಿಗೇರಿಸಿದ್ದನು. ಒಡೆಯನಿಗೂ ತನಗೂ ಭೇದವಿಲ್ಲವೆಂದು ಬಗೆದ ಲಕ್ಷ್ಮನು, ಒಡೆಯನು ಅಳಿದರೆ ತಾನೂ ಉಳಿಯೆನೆಂದು ಪ್ರತಿಜ್ಞೆಮಾಡಿ, ಅದರ ಗುರುತಾಗಿ ಎಡಗಾಲಿಗೆ ಪೊನ್ನ ತೊಡರನ್ನು ತೊಟ್ಟಿದ್ದನು. ಕ್ರಿ. ಶ. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಮಾತು ತಪ್ಪಲಿಲ್ಲ. ಅವನೂ, ಅವನ ಹೆಂಡತಿ ಸುಗ್ಗಲದೇವಿಯೂ, ಅವನೊಡನೆ ಅದೇ ಭಾಷೆಯನ್ನು ಕೊಟ್ಟಿದ್ದ ಸಾವಿರ ಮಂದಿ ವೀರರೂ ಪ್ರಾಣವನ್ನು ನೀಗಿದರೆಂದು ಶಾಸನ ಹೇಳುವುದು. ಬಿ. ಎಲ್. ರೈಸ್ ಮಹಾಶಯರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಅದು ಅಚ್ಚಾಗಿದೆ.

ನಮ್ಮ ನಾಡಿನಲ್ಲಿ ಇಂತಹವರಿಗೆ ಗರುಡರೆಂದೂ, ಅವರ ಒಪ್ಪಂದಕ್ಕೆ ವೇಳೆವಾಳಿಯೆಂದೂ ಹೆಸರು. ಉಂಡ ಅನ್ನದ ಋಣವನ್ನು ತೀರಿಸುವ ಧರ್ಮಕ್ಕೆ ಜೋಳವಾಳಿ ಎಂಬ ಇನ್ನೂ ಇಂಪಾದ ಮಾತೊಂದುಂಟು. ಕೃಷ್ಣರಾಜಪೇಟೆಯ ಕಡೆಯ ಅಗ್ರಹಾರ ಬಾಚಹಳ್ಳಿಯಲ್ಲಿ, ತುದಿಯಲ್ಲಿ ಆನೆಯನ್ನು ಹೊತ್ತ ಗರುಡಗಂಬಗಳಿವೆ. ಒಂದೇ ಮನೆತನದವರು ತಲೆಮಾರಿನ ಮೇಲೆ ತಲೆಮಾರು ಹೊಯ್ಸಳ ಅರಸರೊಡನೆ ಮಡಿದ ಕಥೆಯನ್ನು ಅವು ಹೇಳುವುವು. ಅಲ್ಲಿ ನಾಯಕರ ಹೆಸರಿನೊಡನೆ ಅವರ ಹೆಂಡಿರೂ ಲೆಂಕರೂ ಸೇರಿಕೊಂಡಿದ್ದಾರೆ.

ಈ ಆತ್ಮಾಹುತಿಯನ್ನು ಹೊಗಳುವುದಕ್ಕಾಗಲಿ ಹಳಿಯುವುದಕ್ಕಾಗಲಿ ಈ ಲೇಖನವನ್ನು ಬರೆಯುತ್ತಿಲ್ಲ. ಪ್ರಸ್ತುತ ವಿಚಾರ ಬೇರೆ. ಲಕ್ಷ್ಮನು ರಣರಂಗದಲ್ಲಿ ಸತ್ತವನಲ್ಲ. ಆದರೂ ಅವನಿಗೆ ಕಂಬ ನಿಂತಿತು. ಅವನೊಡನೆ ಸತ್ತ ಸಾವಿರ ಮಂದಿಗೆ ದೊರೆತದ್ದು ಸಾವಿರವೆಂಬ ಒಂದು ಸಂಖ್ಯೆ. ಅವರು ಯಾವ ಊರಿನವರು, ಯಾರ ಮಕ್ಕಳು ಎಂಬುದಕ್ಕೆ ಆ ಕಲ್ಲಿನಲ್ಲಿ ಎಡೆಯಾಗಲಿಲ್ಲ. ಯುದ್ಧದ ನಿಮಿತ್ತವಾಗಿ ಸತ್ತು, ಯುದ್ಧಭೂಮಿಯಲ್ಲಿ ಸಾಯದವರನ್ನು ಹೇಗೆ ನೆನೆಯಬೇಕು? ನಾಯಕನೊಬ್ಬನ ಹೆಸರಿನ ನೆರಳಿನಲ್ಲಿ ನಿಂತ ಆಳುಗಳನ್ನು ಹೇಗೆ ನೆನೆಯಬೇಕು? ಈ ಎರಡು ಪ್ರಶ್ನೆಗಳು ನಮ್ಮ ಕಾಲಕ್ಕೂ ಬಂದಿವೆ.

ಈ ವಿಷಯದಲ್ಲಿ ರಾಜಧಾನಿಯ ಕಂಬಕ್ಕಿಂತ ಹಳ್ಳಿಯ ವೀರಗಲ್ಲೇ ಹೆಚ್ಚು ನ್ಯಾಯವಾದುದೆಂದು ನನಗೆ ತೋರುವುದು. ಅದರ ಕ್ರಮ ವಾಚಕರಿಗೆ ಗೊತ್ತಿದ್ದದ್ದೇ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ; ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು; ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು; ತುದಿಯಲ್ಲಿ ಸೂರ್ಯಚಂದ್ರರು. ನಡುವಣ ಅಂಚುಗಳ ಬರಹ ಬಹುಮಟ್ಟಿಗೆ ಚಿಕ್ಕದು. ಇಂತಹ ಅರಸು ಆಳುತ್ತಿರಲು, ಇಂತಹ ಊರಿನ ಇಂತಹವನ ಮಗ ಇಂತಹವನು ತುರುಗಳನ್ನು ಮರಳಿಸಿ ಸುರಲೋಕಕ್ಕೆ ಸಂದನು ಎಂಬಷ್ಟೇ. ಅವನು ದಂಡನಾಯಕನಾಗಿರಬೇಕಾಗಿಲ್ಲ, ಊರ ದನಗಳ ಹಿಂದೆ ಓಡಿದ ಒಕ್ಕಲಿಗನಾದರೂ ಆಗಬಹುದು. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದುದೂ ಉಂಟು. ನೆನಪಿನೊಡನೆ ಅನ್ನವನ್ನೂ ಕಟ್ಟಿಕೊಟ್ಟ ಈ ಪದ್ಧತಿಯನ್ನು ಇಂದಿನ ಸರ್ಕಾರಗಳ ಪಿಂಚಣಿಯ ಪೂರ್ವಜವೆಂದರೆ ತಪ್ಪಾಗದು.

ಮನುಷ್ಯರ ಮಾತು ಹಾಗಿರಲಿ. ಮದ್ದೂರಿನ ಕಡೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ ನೆಟ್ಟ ಕಲ್ಲು ಒಂದು ನಾಯಿಯದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನು ರಾಷ್ಟ್ರಕೂಟ ಕೃಷ್ಣರಾಜನಿಂದ ಬೇಡಿ ಪಡೆದ ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಅದರ ಹೆಸರು ಕಾಳಿ ಎಂದು ಕಲ್ಲು ಹೇಳುವುದಲ್ಲದೆ, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನೂ ವಿಧಿಸುವುದು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮುಂದೆ ನಿಂತಾಗ ಲಕ್ಷ್ಮನ ಸಾವಿರ ಮಂದಿಯ ನೆನಪು ಬಾರದಿರದು. ನಾಯಿಗೆ ದೊರೆತ ಹೆಸರು ಅವರಿಗೆ ದೊರೆಯಲಿಲ್ಲ.

ಆದರೆ ವೀರಗಲ್ಲಿಗೂ ಒಂದು ಎಲ್ಲೆಯುಂಟು. ಅದು ಕೈಯಲ್ಲಿ ಕತ್ತಿಯಿದ್ದವನ ಕಲ್ಲು. ಗಾಯಗೊಂಡು ತಿಂಗಳುಗಟ್ಟಲೆ ನರಳಿ ಹಾಸಿಗೆಯ ಮೇಲೆ ಸತ್ತವನನ್ನು, ಅವನ ಹುಣ್ಣನ್ನು ತೊಳೆದವನನ್ನು, ನೀರು ಹೊತ್ತವನನ್ನು ಚಿತ್ರಿಸಲು ಆ ಮೂರು ಪಟ್ಟಿಕೆಗಳಲ್ಲಿ ಸ್ಥಳವಿಲ್ಲ. ರೋಗಿಗಳ ಆರೈಕೆಯನ್ನು ನಮ್ಮ ಪೂರ್ವಿಕರು ಪುಣ್ಯಕಾರ್ಯವೆಂದು ಎಣಿಸಲಿಲ್ಲವೆಂದು ಇದರಿಂದ ತಿಳಿಯಬಾರದು. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಮಾಡುವ ಸ್ಥಾನವೆಂದು ಆ ಮಠವನ್ನು ಕೊಂಡಾಡಿದೆ. ಪುಣ್ಯ ಮಠಕ್ಕೆ ಸಂದಿತು. ಗಂಜಿ ಕಾಯಿಸಿದವನ ಹೆಸರು ಕಲ್ಲಿಗೆ ಬರಲಿಲ್ಲ.

ಏಳು ನೂರು ವರ್ಷಗಳು ಕಳೆದು ಮೊದಲನೆಯ ಮಹಾಯುದ್ಧವು ಬಂದಾಗ ಸಾವಿನ ರೀತಿಯೇ ಬದಲಾಗಿದ್ದಿತು. ಮೈಸೂರು ಲ್ಯಾನ್ಸರ್ಸ್ ಪಡೆಯು 1914ರಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದುದನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಆ ಶರತ್ಕಾಲದಲ್ಲಿ ಪ್ಯಾಲೆಸ್ತೀನಿನ ಸವಾರಿ ಸೈನ್ಯವನ್ನು ಗುಂಡಿಗಿಂತ ಹೆಚ್ಚಾಗಿ ಕಾಡಿದ್ದು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ. ಅಲ್ಲಿ ಆಸ್ಪತ್ರೆಯೂ ಒಂದು ರಣರಂಗವಾಯಿತು.

ಆಸ್ಪತ್ರೆಯಲ್ಲಿ ಸತ್ತ ಸಿಪಾಯಿಗಳಿಗೆ ಸ್ಮಾರಕವೆದ್ದ ಪ್ರಸಿದ್ಧ ಸ್ಥಳವೆಂದರೆ ಇಂಗ್ಲೆಂಡಿನ ದಕ್ಷಿಣ ಕಡಲತೀರದ ಬ್ರೈಟನ್. ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ 1914ರ ಡಿಸೆಂಬರಿನಲ್ಲಿ ಆ ಊರಿನ ರಾಯಲ್ ಪೆವಿಲಿಯನ್ ಎಂಬ, ಗುಂಬಜುಗಳಿಂದ ಕೂಡಿದ ವಿಚಿತ್ರ ಅರಮನೆಯನ್ನು ಆಸ್ಪತ್ರೆಯಾಗಿ ಮಾರ್ಪಡಿಸಿದರು. ಚಕ್ರವರ್ತಿಯು ಸಿಪಾಯಿಗಳಿಗೆ ತನ್ನ ಮನೆಯನ್ನೇ ಬಿಟ್ಟುಕೊಟ್ಟನೆಂದು ಆಗ ಸಾರಿದ್ದುಂಟು. ಆದರೆ 1850ರಿಂದಲೇ ಅದು ಊರಿನ ಸ್ವತ್ತಾಗಿದ್ದಿತು. ಪ್ರಚಾರದ ಮಾತು ಹೇಗೇ ಇರಲಿ, ಏರ್ಪಾಡು ಅಚ್ಚುಕಟ್ಟಾಗಿದ್ದಿತು. ಜಾತಿಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು, ಹಿಂದೂ ಮುಸಲ್ಮಾನರಿಗೆ ಬೇರೆಬೇರೆ ನಲ್ಲಿಗಳು, ಉರ್ದು, ಹಿಂದಿ, ಗುರುಮುಖಿಗಳಲ್ಲಿ ಫಲಕಗಳು. 1916ರ ಆರಂಭದವರೆಗೆ ಅಲ್ಲಿ 4300ಕ್ಕೂ ಹೆಚ್ಚು ಮಂದಿ ಚಿಕಿತ್ಸೆ ಪಡೆದರು.

ಅಲ್ಲಿಯೂ ಊರಿನ ಉಳಿದ ಭಾರತೀಯ ಆಸ್ಪತ್ರೆಗಳಲ್ಲಿಯೂ ಬದುಕದೆ ಹೋದ ಹಿಂದೂಗಳನ್ನೂ ಸಿಖ್ಖರನ್ನೂ ಪಾಚಮ್ ಎಂಬ ಹಳ್ಳಿಯ ಮೇಲಣ ಹುಲ್ಲುಗುಡ್ಡಕ್ಕೆ ಒಯ್ದು ದಹಿಸಿದರು. ಅವರು 53 ಮಂದಿ. ಮುಸಲ್ಮಾನರನ್ನು ವೋಕಿಂಗ್ ಊರಿನ ಮಸೀದಿಯ ಸಮೀಪದಲ್ಲಿ ಹೂಳಿದರು. ಆ ದಹನಸ್ಥಳದಲ್ಲಿ ಸ್ಮಾರಕವಿರಬೇಕೆಂಬ ಯೋಚನೆಯನ್ನು 1915ರಲ್ಲಿ ಮುಂದಿಟ್ಟವರಲ್ಲಿ ಭಾರತೀಯ ವೈದ್ಯಶಾಖೆಯ ಲೆಫ್ಟಿನೆಂಟ್ ದಾಸಗುಪ್ತರೊಬ್ಬರು; ರೋಗಿಗಳ ನಾಡಿ ಹಿಡಿದ ಕೈಯೇ ಅವರ ನೆನಪಿಗೂ ಮೊದಲಾಯಿತೆಂಬುದು ಗಮನಿಸತಕ್ಕ ಸಂಗತಿ. ಮುಂಬಯಿಯ ತರುಣ ಶಿಲ್ಪಿ ಇ. ಸಿ. ಹೆನ್ರಿಕೆಸರು ನಕ್ಷೆಯನ್ನು ಬರೆದರು. ಸಿಸಿಲಿಯ ಬಿಳಿಯ ಅಮೃತಶಿಲೆಯಲ್ಲಿ ಎದ್ದು, ಎಂಟು ಕಂಬಗಳ ಮೇಲೆ ಗುಂಬಜನ್ನು ಹೊತ್ತ ಆ ಛತ್ರಿಯನ್ನು 1921ರ ಫೆಬ್ರವರಿ 1ರಂದು ವೇಲ್ಸಿನ ರಾಜಕುಮಾರನು ಅನಾವರಣಮಾಡಿದನು. ಸುತ್ತಲೂ ಕುರಿ ಮೇಯುವ ಬಯಲು; ದೂರದಲ್ಲಿ ಕಡಲು.

ಛತ್ರಿ ಸುಂದರವಾದುದು, ಆದರೆ ದೋರಸಮುದ್ರದ ಕಂಬದ ಕೊರತೆ ಅದಕ್ಕೂ ಇದ್ದಿತು. ಮಡಿದ ಸಿಪಾಯಿಗಳಿಗೆಂದು ಅದು ಹೇಳಿತೇ ಹೊರತು ಒಬ್ಬನ ಹೆಸರನ್ನೂ ಹೇಳಲಿಲ್ಲ. 2010ರಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರು ಪಕ್ಕದಲ್ಲಿ ಬೇರೊಂದು ಶಿಲೆಯನ್ನು ನಿಲ್ಲಿಸಿ 53 ಹೆಸರುಗಳನ್ನೂ ಕೆತ್ತಿಸಿದರು. ಎಂಬತ್ತೊಂಬತ್ತು ವರ್ಷಗಳು ತಡ, ಆದರೂ ಆಯಿತು.

ಸಿಪಾಯಿಗಳ ಕಥೆ ಇದಾದರೆ ಸೇವಕರ ಕಥೆಗೆ ಅದೇ ದಕ್ಷಿಣ ಇಂಗ್ಲೆಂಡಿನ ಬ್ರಾಕೆನ್‌ಹರ್ಸ್ಟ್ ಎಂಬ ಹಳ್ಳಿಗೆ ಹೋಗಬೇಕು. ಅಲ್ಲಿ ಲೇಡಿ ಹಾರ್ಡಿಂಜ್ ಹೆಸರಿನ ಭಾರತೀಯ ಆಸ್ಪತ್ರೆಯಿದ್ದಿತು. ಅಲ್ಲಿ ಕಸಗುಡಿಸುವ ಕೆಲಸಕ್ಕಿದ್ದ ಸುಖಾ ಎಂಬವನು 1915ರ ಜನವರಿ 12ರಂದು ತೀರಿಕೊಂಡನು. ಅವನ ಶವವನ್ನು ಹಿಂದೂಗಳು ದಹಿಸಲು ಒಪ್ಪಲಿಲ್ಲ, ಮುಸಲ್ಮಾನರು ಹೂಳಲು ಒಪ್ಪಲಿಲ್ಲ, ಕಡೆಗೆ ಊರಿನ ಪಾದ್ರಿಯೇ ತನ್ನ ಚರ್ಚಿನ ಅಂಗಳದಲ್ಲಿ ಎಡೆ ಕೊಟ್ಟನು ಎಂದು ಅಲ್ಲಿಯ ಜನ ಹೇಳಿಕೊಂಡು ಬಂದಿದ್ದಾರೆ. ಒಂಬತ್ತು ಅಡುಗೆಮನೆಗಳ ಲೆಕ್ಕ ನಮಗೆ ತಿಳಿದಿತ್ತು. ಹೊಲಸನ್ನು ತೊಳೆದವನ ದೇಹಕ್ಕೆ ಆರಡಿ ನೆಲವನ್ನು ಲೆಕ್ಕಹಾಕಲು ತಿಳಿಯಲಿಲ್ಲ. ಇದನ್ನು ಓದುವಾಗ ತಲೆ ತಗ್ಗದ ಓದುಗನಿರಲಾರನು.

ಊರವರು ಹಾಕಿಸಿದ ಸಮಾಧಿಯ ಕಲ್ಲನ್ನು ಮಾತ್ರ ಮತ್ತೆ ಮತ್ತೆ ಓದಬೇಕೆನ್ನಿಸುವುದು. ಅವನು ಬರೇಲಿ ನಗರದ ಗಂಗಾಪುರ ಮೊಹಲ್ಲೆಯವನು, ನಾಡನ್ನೂ ಮನೆಯನ್ನೂ ಗೆಳೆಯರನ್ನೂ ಬಿಟ್ಟು ಬಂದು ಗಾಯಾಳುಗಳ ಆಸ್ಪತ್ರೆಯಲ್ಲಿ ಆಳಾಗಿ ದುಡಿದನು, ಮೂವತ್ತು ವರ್ಷದವನು, ಕ್ರೈಸ್ತನಲ್ಲ, ಆದರೆ ಪರರಿಗಾಗಿ ಬಾಳನ್ನು ಸವೆಸಿದನು ಎಂಬುದು ಅದರ ತಾತ್ಪರ್ಯ. ಅರಸು ಯಾರು, ಊರು ಯಾವುದು, ಸತ್ತವನಾರು, ಯಾರಿಗಾಗಿ, ಎಂದು. ಹೊಯ್ಸಳರ ಹೆಸರನ್ನೇ ಕೇಳದ ಆ ಇಂಗ್ಲಿಷ್ ಹಳ್ಳಿಗರು ನಮ್ಮ ವೀರಗಲ್ಲಿನ ಕ್ರಮವನ್ನೇ ಬರೆದಿಟ್ಟಿದ್ದಾರೆ. ಕತ್ತಿಯ ಬದಲು ಪೊರಕೆ ಹಿಡಿದವನಿಗೆ.

ನಮ್ಮ ನಾಡಿನ ಸೈನಿಕ ಆಸ್ಪತ್ರೆಗಳಲ್ಲಿ ಮಡಿದವರಿಗೂ ಅಲ್ಪಸ್ವಲ್ಪ ನೆಲೆ ದೊರಕಿದೆ. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆಸ್ಪತ್ರೆಗಳ ಒಂದು ಊರೇ ಎದ್ದಿತ್ತು. ದಕ್ಷಿಣ ಮತ್ತು ಪೂರ್ವ ಭಾರತದ ದಂಡುಪ್ರದೇಶಗಳ ಸ್ಮಶಾನಗಳಲ್ಲಿ, ಶಾಶ್ವತವಾಗಿ ನೋಡಿಕೊಳ್ಳಲಾಗದಿದ್ದ ಆ ಯುದ್ಧದ ಸಮಾಧಿಗಳನ್ನು ಚೆನ್ನೈಯ ನಂದಂಬಾಕಂ ಯುದ್ಧಸ್ಮಶಾನಕ್ಕೆ ಸಾಗಿಸಿದರು. ಅಲ್ಲಿ ಈಗ 856 ಸಮಾಧಿಗಳಿವೆ. ಅದರ ಹಿಂಭಾಗದ ಸ್ಮಾರಕದಲ್ಲಿ ಮೊದಲನೆಯ ಯುದ್ಧದ ಕಾಲದಲ್ಲಿ ಸತ್ತು ಅಲ್ಲಲ್ಲಿ ಮಲಗಿರುವ ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಆ ಸಾವಿರಕ್ಕೆ ಹೆಸರುಂಟು.

ಬೇಲೂರು ಹಳೇಬೀಡುಗಳ ನಡುವಣ ಹಳ್ಳಿಗಳಲ್ಲಿಯೂ ಅರಸೀಕೆರೆಯ ದಾರಿಯಲ್ಲಿಯೂ ಕೆರೆಯೇರಿಯ ಮೇಲೆ, ಹಾಳುಗುಡಿಯ ಮುಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ, ಒರಗಿವೆ, ಬಿದ್ದಿವೆ. ಕೆಲವು ಒಗೆಯುವ ಕಲ್ಲಾಗಿವೆ, ಕೆಲವು ಮೋರಿಯ ಮೇಲೆ ಹಾಸಾಗಿವೆ. ಗುಡಿಗಳಿಗೆ ಕಾವಲುಗಾರರಿದ್ದಾರೆ, ಇವುಗಳಿಗೆ ಊರವರೇ ಕಾವಲು. ಬರಹವಿರುವ ಕಲ್ಲೊಂದು ಮಣ್ಣಿನಲ್ಲಿ ಹೂತಿರುವುದನ್ನು ಕಂಡ ಮನೆಯವರು ಅದನ್ನು ಎತ್ತಿ ನಿಲ್ಲಿಸಿ, ಸುಣ್ಣ ಬಳಿಯದೆ, ನೀರಿನಿಂದಷ್ಟೇ ತೊಳೆದು, ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಸವೆದ ಅಕ್ಷರಗಳೂ ಎದ್ದು ಕಾಣುವುವು. ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ, ಅರಸನ ಬಿರುದುಗಳು ಮುಗಿದ ಮೇಲೆ, ಸತ್ತವನ ಹೆಸರಿರುತ್ತದೆ.