ಪಿಂಕ್ ಹೂವು ಯಾವ ತಿಂಗಳಿಗೆ ಬೇಕು?

ಚಳಿ ಮುಗಿಯೋ ಹೊತ್ತಿಗೆ ಬೆಂಗಳೂರಿನವರ ಫೋನುಗಳೆಲ್ಲ ಪಿಂಕ್ ಆಗಿಬಿಡ್ತವೆ. ಎಇಸಿಎಸ್ ಲೇಔಟ್, ಕಬ್ಬನ್ ಪಾರ್ಕ್, ಜಯನಗರದ ಯಾವುದೋ ಕ್ರಾಸು. ಎಲೆಯೇ ಇಲ್ಲದ ಕೊಂಬೆಗಳ ತುಂಬ ಹೂವು, ಕೆಳಗೆ ನಿಂತ ಕಾರಿನ ಮೇಲೂ ಹೂವು. ಜೊತೆಗೆ "ನಮ್ಮೂರ ಚೆರ್ರಿ ಬ್ಲಾಸಮ್" ಅಂತ ಒಂದು ಸಾಲು. ಅದು ಚೆರ್ರಿ ಅಲ್ಲ, ಟಬೆಬುಯಾ. ಜಕರಂಡಾಕ್ಕೆ ಬೇಕಾದರೆ ದಾಯಾದಿ, ಚೆರ್ರಿಗೆ ಏನೂ ಅಲ್ಲ. ಹುಟ್ಟೂರು ಮಧ್ಯ ಅಮೆರಿಕದ ಕಡೆ. ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ವೃಕ್ಷ.

ಈ ಫೋಟೋಗಳ ಜೊತೆ ಒಂದು ಹೆಸರೂ ಓಡಾಡುತ್ತೆ: ಕೃಂಬಿಗಲ್. ಪಿಂಕ್ ಬೆಂಗಳೂರನ್ನು ಆ ಜರ್ಮನ್ ಸಾಹೇಬರೇ ಮಾಡಿಕೊಟ್ಟರು ಅನ್ನೋ ಹಾಗೆ. ನನ್ನ ಪ್ರಕಾರ ಈ ಮಾತಿನಲ್ಲಿ ಅವರಿಗೂ ಅನ್ಯಾಯ, ಆಮೇಲೆ ಬಂದವರಿಗೂ ಅನ್ಯಾಯ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಡ್ರೆಸ್ಡೆನ್ ಹತ್ತಿರದ ಊರೊಂದರಲ್ಲಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿ, ಬರೋಡಾ ಮಹಾರಾಜರ ತೋಟಗಳನ್ನು ನೋಡಿಕೊಳ್ಳಲು 1893ರಲ್ಲಿ ಭಾರತಕ್ಕೆ ಬಂದರು. ಅಲ್ಲಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನಕ್ಕೆ. 1908ರಿಂದ 1932ರವರೆಗೆ ಲಾಲ್‌ಬಾಗ್ ಅವರ ಕೈಲಿತ್ತು. 1956ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ. ಸಮಾಧಿ ಹೊಸೂರು ರಸ್ತೆಯಲ್ಲಿದೆ.

ಅವರು ಊರಿಗೆ ಕೊಟ್ಟದ್ದು ಒಂದು ಬಣ್ಣವನ್ನಲ್ಲ, ಒಂದು ಕ್ಯಾಲೆಂಡರನ್ನು. ಒಂದು ರಸ್ತೆಗೆ ಒಂದೇ ಜಾತಿಯ ಮರ. ಈ ರಸ್ತೆಯ ಹೂವು ಉದುರುವಾಗ ಇನ್ನೊಂದು ರಸ್ತೆ ಅರಳಬೇಕು. ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೊಂದು ಮೂಲೆ ಹೂವಿಲ್ಲದೆ ಇರಬಾರದು. ಅಂದರೆ ಮರ ಆರಿಸುವಾಗ ಅವರು ಕೇಳಿಕೊಂಡ ಪ್ರಶ್ನೆ "ಯಾವ ಬಣ್ಣ?" ಅಂತಷ್ಟೇ ಅಲ್ಲ, "ಯಾವಾಗ?" ಅಂತಲೂ. ಎಲ್ಲೆಲ್ಲೂ ಒಂದೇ ಪಿಂಕ್ ಮರ ನೆಟ್ಟು, ಆರು ವಾರ ಸಂಭ್ರಮ ಮಾಡಿ, ಉಳಿದ ತಿಂಗಳು ಬರೀ ಹಸಿರು ನೋಡೋದು ಅವರ ಲೆಕ್ಕಾಚಾರಕ್ಕೆ ಪೂರಾ ಉಲ್ಟಾ.

ಇನ್ನು ಆಮೇಲೆ ಬಂದವರು. 1980ರ ದಶಕದ ಶುರುವಿಗೆ ಊರು ಬೆಳೀತಾ ಮರಗಳು ಉರುಳುತ್ತಾ ಇದ್ದವು. ಆಗ ಗುಂಡೂರಾಯರು ಮುಖ್ಯಮಂತ್ರಿ. ನಗರಕ್ಕೆ ಮತ್ತೆ ಹಸಿರು ತುಂಬಿಸುವ ಕೆಲಸ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ ಅವರಿಗೆ ಬಂತು. ಕೆಲವೇ ವರ್ಷಗಳಲ್ಲಿ ಅವರ ತಂಡ ನೆಟ್ಟದ್ದು ಸುಮಾರು 15 ಲಕ್ಷ ಗಿಡ. ಕಾಡಲ್ಲಿ ನೆಡೋದು ಬೇರೆ, ದನ, ಸೈಕಲ್ಲು, ಕರೆಂಟು ತಂತಿ, ಚರಂಡಿ ಇರೋ ಬೀದಿಯಲ್ಲಿ ನೆಡೋದು ಬೇರೆ. ನೆರಳಿನ ಮರಗಳ ಜೊತೆ ಹೂವಿನ ಮರಗಳನ್ನೂ ಬಡಾವಣೆಗಳಿಗೆ ತಂದವರು ಇವರು. ಇವತ್ತು ನಾವು ಫೋಟೋ ತೆಗೆಯೋ ಬೀದಿಬದಿಯ ಟಬೆಬುಯಾಗಳಲ್ಲಿ ಎಷ್ಟೋ ಮರಗಳಿಗೆ ನಮ್ಮಷ್ಟೇ ವಯಸ್ಸು. ಆದರೂ ಕ್ಯಾಪ್ಷನ್ನಿನಲ್ಲಿ ನೇಗಿನಹಾಳರ ಹೆಸರು ನಾನು ಕಂಡದ್ದು ತೀರಾ ಕಮ್ಮಿ. ಜರ್ಮನ್ ಹೆಸರಿಗೆ ಒಂದು ತೂಕ ಜಾಸ್ತಿ, ಅಲ್ವಾ?

ಇಷ್ಟೆಲ್ಲ ಹೇಳೋಕೆ ಕಾರಣ, ನಮ್ಮ ಅಪಾರ್ಟ್‌ಮೆಂಟಿನ ತೋಟ. ಗುಂಪಿನಲ್ಲಿ ವೋಟಿಂಗ್ ನಡೆದು ಭಾರೀ ಬಹುಮತದಿಂದ ಟಬೆಬುಯಾ ಗೆದ್ದಿತು. ಮಾಲಿ ಬಂದು ಸಲಾಕೆ ಊರಿ ನೋಡಿದ. ಮೂರಡಿಗೆ ಟಣ್ ಅಂತು. ಕೆಳಗೆ ಸ್ಲ್ಯಾಬು, ಅದರ ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗು. "ಇಲ್ಲಿ ಮರ ನಿಲ್ಲಲ್ಲ ಸಾರ್, ಗಿಡ ಏನಾದ್ರೂ ಹೇಳಿ," ಅಂದ. ಕೃಂಬಿಗಲ್ಲರಿಗೂ ನೇಗಿನಹಾಳರಿಗೂ ಇದ್ದು ನಮಗೆ ಇಲ್ಲದೇ ಇರೋದು ಇದೇ: ನೆಲ.

ಹಾಗಾಗಿ ಸ್ಲ್ಯಾಬಿನ ಮೇಲೆ ಕಾಗದದ ಹೂವು ಹಾಕಿದೆವು, ಅಂದರೆ ಬೋಗನ್‌ವಿಲ್ಲಾ. (ಅದರ ಪಿಂಕ್ ಭಾಗ ಹೂವೇ ಅಲ್ಲ, ಬಣ್ಣ ಬಂದ ಎಲೆ; ಹೂವು ನಡುವೆ ಇರೋ ಪುಟ್ಟ ಬಿಳಿ ಚುಕ್ಕಿ.) ಪಿಂಕ್ ಕಣಗಿಲೆಯನ್ನೂ ಒಬ್ಬರು ಸೂಚಿಸಿದರು. ಬಿಸಿಲು ತಡೆಯುತ್ತೆ, ದನಕರು ಮೂಸಲ್ಲ, ಹೈವೇ ನಡುವಿನ ಪಟ್ಟಿಯಲ್ಲಿ ಅದನ್ನು ನೆಡೋದೂ ಅದಕ್ಕೇ. ಆದರೆ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಚಿಕ್ಕ ಮಕ್ಕಳಿರೋ ಕಡೆ ಬೇಡ ಅಂದೆ.

ಮರಕ್ಕೆ ಕಾಂಪೌಂಡಿನ ಆಚೆ, ಪಾರ್ಕಿನ ಅಂಚಿನಲ್ಲಿ ನಿಜವಾದ ಮಣ್ಣಿತ್ತು. ಅಲ್ಲಿಗೆ ಪಾಲಿಕೆಯ ಒಪ್ಪಿಗೆ ಪಡೆದು ಹೊಳೆದಾಸವಾಳ ನೆಡೋಣ ಅಂತ ನಾನು ಹಠ ಹಿಡಿದೆ. ಹೆಸರಲ್ಲಿ ಮಾತ್ರ ದಾಸವಾಳ. ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ತಾನಾಗೇ ಬೆಳೆಯೋ ಮರ ಇದು, ಮಹಾರಾಷ್ಟ್ರದ ರಾಜ್ಯಪುಷ್ಪ. ಸುಕ್ಕುಸುಕ್ಕಾದ ಕ್ರೇಪ್ ಕಾಗದದಂಥ ಎಸಳು, ನೇರಳೆಗೆ ವಾಲುವ ಪಿಂಕ್. ಸಸ್ಯಶಾಸ್ತ್ರದಲ್ಲಿ ಅದರ ಕುಲಕ್ಕಿರೋ ಹೆಸರು ಮಾತ್ರ ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಲಾಗರ್‌ಸ್ಟ್ರೋಮ್ ಅನ್ನುವವನದು. ಗಿಡಗಳನ್ನು ಕಳಿಸಿಕೊಡುತ್ತಿದ್ದ ಗೆಳೆಯನ ಋಣಕ್ಕೆ ಲಿನೇಯಸ್ ಇಟ್ಟದ್ದು.

ನನ್ನ ವಾದ ಸ್ವದೇಶಿ-ವಿದೇಶಿಯದ್ದಲ್ಲ. ಮಳೆಮರವೂ ಅಮೆರಿಕದ್ದೇ, ಅದರ ನೆರಳಿಲ್ಲದ ಹಳೇ ಬೆಂಗಳೂರನ್ನು ಊಹಿಸೋಕೂ ಆಗಲ್ಲ. ನಮ್ಮ ಎದುರು ರಸ್ತೆಯಲ್ಲಿ ಟಬೆಬುಯಾ ಆಗಲೇ ಇವೆ, ಮಾರ್ಚ್ ಹೊತ್ತಿಗೆ ಅವುಗಳ ಆಟ ಮುಗಿಯುತ್ತೆ. ಹೊಳೆದಾಸವಾಳ ಶುರುವಾಗೋದು ಬಿಸಿಲು ನೆತ್ತಿ ಸುಡುವಾಗ, ಏಪ್ರಿಲ್-ಮೇನಲ್ಲಿ. ಖಾಲಿ ಇದ್ದದ್ದು ಆ ತಿಂಗಳು.

ಜೂನಿನ ಮೊದಲ ಮಳೆ ಬಿದ್ದ ವಾರ ನಾಲ್ಕು ಸಸಿ ನೆಟ್ಟೆವು. ಮೂರು ಉಳಿದಿವೆ, ಈಗ ಎದೆಯೆತ್ತರ ಬಂದಿವೆ. ಬೇಸಿಗೆಯಲ್ಲಿ ನೀರು ಹಾಕೋ ಪಾಳಿಗೆ ಆರು ಮನೆಯವರು ಹೆಸರು ಕೊಟ್ಟಿದ್ದಾರೆ. ಭಾನುವಾರ ನಮ್ಮನೆಯದು.