ಮುಂಬಯಿಯ ಪ್ಲೇಗು ಮತ್ತು ಮುನ್ನೆಚ್ಚರಿಕೆಯ ಹೊರೆ

ಕೇಡಿನ ಕಾರಣವು ಪೂರ್ತಿಯಾಗಿ ತಿಳಿಯುವ ಮೊದಲೇ ಅದನ್ನು ತಡೆಯಲು ಹೊರಡಬೇಕೆ, ತಿಳಿಯುವವರೆಗೆ ಕಾಯಬೇಕೆ? 1992ರಲ್ಲಿ ರಿಯೊ ಡಿ ಜನೈರೊದಲ್ಲಿ ನೆರೆದ ರಾಷ್ಟ್ರಗಳು, ಗಂಭೀರವಾದ ಹಾನಿಯ ಭಯವಿರುವಲ್ಲಿ ವೈಜ್ಞಾನಿಕ ನಿಶ್ಚಯವಿಲ್ಲವೆಂಬ ನೆವದಿಂದ ಪರಿಸರ ರಕ್ಷಣೆಯ ಕ್ರಮಗಳನ್ನು ಮುಂದೂಡಕೂಡದೆಂದು ಸಾರಿದವು. ಇದಕ್ಕೆ ಮುನ್ನೆಚ್ಚರಿಕೆಯ ತತ್ತ್ವವೆಂದು ಹೆಸರು. ಆದರೆ ಇದಕ್ಕೆ ಸುಮಾರು ನೂರು ವರ್ಷ ಹಿಂದೆಯೇ, ನಾವು ನೆಲೆಸಿರುವ ಈ ಮುಂಬಯಿಯಲ್ಲಿ ಅದರ ಕಠಿನ ಪರೀಕ್ಷೆ ನಡೆದುಹೋಗಿದ್ದಿತು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ರೋಗಿಗಳನ್ನು ಪರೀಕ್ಷಿಸಿದ ಡಾ. ವಿಯೇಗಸ್ ಅವರು ಇದು ಪ್ಲೇಗು ಎಂದು ಗುರುತಿಸಿದರು. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರೂ ಅದು ಹರಡುವ ಬಗೆ ಯಾರಿಗೂ ತಿಳಿದಿರಲಿಲ್ಲ. ಕೊಳಕು, ತೇವದ ನೆಲ, ಗಾಳಿಬೆಳಕಿಲ್ಲದ ಕೋಣೆ ಇವೇ ಮೂಲವೆಂದು ಅಧಿಕಾರಿಗಳು ಬಗೆದರು. ಚರಂಡಿಗಳಿಗೆ ಸಮುದ್ರದ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಸುರಿದರು. ಗೋಡೆಗಳಿಗೆ ಸುಣ್ಣ ಬಳಿದರು. ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು. ಬಡವರ ಹಾಸಿಗೆ ಬಟ್ಟೆಗಳನ್ನು ಸುಟ್ಟರು. ರೋಗಿಗಳನ್ನು ಬಲಾತ್ಕಾರವಾಗಿ ಆಸ್ಪತ್ರೆಗೆ ಒಯ್ದರು. ಅಕ್ಟೋಬರ್ 29ರಂದು ಗಿರಣಿ ಕೆಲಸಗಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ನುಗ್ಗಿದರು. ಲಕ್ಷಾಂತರ ಜನ ನಗರವನ್ನು ತೊರೆದರು. ರೋಗವೂ ಅವರೊಡನೆ ಪಯಣ ಹೊರಟಿತು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳೂ ಅದರ ಬಾಯಿಗೆ ಬಿದ್ದವು.

ಈ ಅವಸರದಲ್ಲಿ, 1897ರ ಫೆಬ್ರವರಿ 4ರಂದು, ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿತು. ಇದ್ದುದು ನಾಲ್ಕೇ ಕಲಮುಗಳು. ಸರ್ಕಾರವು ತನಗೆ ಅವಶ್ಯವೆಂದು ತೋರಿದ ನಿಯಮಗಳನ್ನು ಮಾಡಬಹುದು, ಮೀರಿದವರಿಗೆ ಶಿಕ್ಷೆ, ಸದ್ಭಾವದಿಂದ ಕಾರ್ಯ ಮಾಡಿದವರ ಮೇಲೆ ಯಾವ ದಾವೆಯೂ ನಡೆಯಕೂಡದು. ಪುಣೆಯಲ್ಲಿ ಸೋಲ್ಜರರು ಮನೆಗಳ ಒಳಕೋಣೆಗಳವರೆಗೆ ನುಗ್ಗಿ ಶೋಧಿಸಿದರು. ಆ ಕ್ರೋಧದಲ್ಲಿ, ಪ್ಲೇಗು ಸಮಿತಿಯ ರ‍್ಯಾಂಡನ ಮೇಲೆ ಜೂನ್ 22ರ ರಾತ್ರಿ ಚಾಫೇಕರ ಸೋದರರ ಗುಂಡು ಹಾರಿತು.

ಇಲಿಯ ಚಿಗಟವೇ ರೋಗವಾಹಕವೆಂದು ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ. ಅದನ್ನು ನಂಬಲು ಪಂಡಿತರಿಗೆ ಇನ್ನೂ ಹಲವು ವರ್ಷ ಬೇಕಾಯಿತು. ಹಾಗೆಂದು ಮುಂಬಯಿಯ ಅಧಿಕಾರಿಗಳನ್ನು ಮೂಢರೆಂದು ಜರೆಯುವುದು ಸುಲಭವೇ ಹೊರತು ನ್ಯಾಯವಲ್ಲ. ಕೈಕಟ್ಟಿ ಕುಳಿತಿದ್ದರೆ ಅದು ಇನ್ನೂ ದೊಡ್ಡ ಅಪರಾಧವಾಗುತ್ತಿತ್ತು. ನನಗೆ ಮುಖ್ಯವೆಂದು ತೋರುವ ಪ್ರಶ್ನೆ ಬೇರೆ: ಈ ಮುನ್ನೆಚ್ಚರಿಕೆಯ ಹೊರೆಯನ್ನು ಹೊತ್ತವರು ಯಾರು?

ಹಾಫ್‌ಕಿನ್ ತನ್ನ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಬೈಖಳಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಟ್ಟದ್ದು ಆಮೇಲೆ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಇನ್ನು ನಮ್ಮ ನಾಡಿನ ಹಳ್ಳಿಗರ ಕ್ರಮವನ್ನು ವಾಚಕರಲ್ಲಿ ಅನೇಕರು ತಮ್ಮ ಅಜ್ಜಿಯರ ಬಾಯಲ್ಲಿ ಕೇಳಿರಬಹುದು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದಿತು. ಮಳೆ, ಚಳಿ, ಕಳ್ಳರ ಭಯ ಎಲ್ಲವನ್ನೂ ತಾವೇ ಸಹಿಸಿದರು. ಚಿಗಟದ ಸುದ್ದಿ ಅವರಿಗೇನೂ ತಿಳಿಯದು. ಆದರೂ ಸತ್ತ ಇಲಿಯನ್ನು ಬಿಟ್ಟ ಚಿಗಟಗಳಿಗೆ ಆ ಮನೆಗಳಲ್ಲಿ ಕಚ್ಚಲು ಮನುಷ್ಯರೇ ಇರಲಿಲ್ಲ! ಸರ್ಕಾರವೂ ಕ್ರಮೇಣ ಈ ಊರು ಬಿಡಿಸುವ ಉಪಾಯವನ್ನೇ ಮೆಚ್ಚಿಕೊಂಡಿತು.

ವೆಲ್ಲೂರಿನ ಕಡೆಯ ಚರ್ಮ ಹದಮಾಡುವ ಕಾರಖಾನೆಗಳು ಪಾಲಾರ್ ನದಿಯನ್ನು ಕೆಡಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಈ ತತ್ತ್ವವನ್ನು ನಮ್ಮ ನ್ಯಾಯದ ಭಾಗವೆಂದು ಎತ್ತಿಹಿಡಿಯಿತು. ತನ್ನ ಉದ್ಯಮ ನಿರಪಾಯಕರವೆಂದು ತೋರಿಸುವ ಭಾರ ಉದ್ಯಮಿಯದೇ ಎಂದಿತು. ಹೊರೆ ಬಲ್ಲಿದನ ಹೆಗಲಿಗೆ ಬಂದದ್ದು ಹೀಗೆ. 1897ರಲ್ಲಿ ತಾನು ನಿರಪಾಯಿಯೆಂದು ತೋರಿಸಬೇಕಾಗಿದ್ದವನು ರೈಲು ನಿಲ್ದಾಣದಲ್ಲಿ ತಡೆದು ನಿಲ್ಲಿಸಲ್ಪಟ್ಟ ಬಡ ಪ್ರಯಾಣಿಕ. 2020ರ ಮಾರ್ಚಿಯಲ್ಲಿ ಕೊರೋನಾ ಹರಡಿದಾಗ ರಾಜ್ಯಗಳು ಕೈಗೆತ್ತಿಕೊಂಡದ್ದು ಅದೇ ಹಳೆಯ ಕಾಯಿದೆಯನ್ನು. ಅಧಿಕಾರಿಗಳಿಗೆ ಅಭಯ ಕೊಡುವ ನಾಲ್ಕನೆಯ ಕಲಮು ಆಗಲೂ ಅದರಲ್ಲಿ ಹಾಗೆಯೇ ಇದ್ದಿತು.